ಮುಖ ನೋಡಿ ಶಂಕಿಸಿದರೆ ಭಯೋತ್ಪಾದಕ ಸಿಗುತ್ತಾನೆಯೇ?

ದಾರಿಹೋಕ:

2006ರ ನವೆಂಬರ್ 20ರಂದು ಅಮೆರಿಕದ ಮಿನಿಯಾಪೊಲಿಸ್ ವಿಮಾನ ನಿಲ್ದಾಣದಲ್ಲಿ ಆರು ಮಂದಿ ಇಮಾಮರು ವಿಮಾನ ಹತ್ತುವ ಮೊದಲು ನಮಾಜು ಮಾಡಿದರು. ಅವರ ಪ್ರಾರ್ಥನೆ, ಅವರ ಮಾತುಕತೆ, ಅವರು ಕುಳಿತ ಜಾಗ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿ ಹೆದರಿದ ಸಹಪ್ರಯಾಣಿಕರೊಬ್ಬರು ಒಂದು ಚೀಟಿ ಬರೆದು ಸಿಬ್ಬಂದಿಯ ಕೈಗೆ ಕೊಟ್ಟರು. ಆರೂ ಮಂದಿಗೆ ಕೈಕೋಳ ತೊಡಿಸಿ ಕೆಳಗಿಳಿಸಿ, ಗಂಟೆಗಟ್ಟಲೆ ವಿಚಾರಿಸಿದರೂ ತಪ್ಪೇನೂ ಸಿಗಲಿಲ್ಲ. ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2009ರಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಈ ನಡುವೆ 2007ರಲ್ಲಿ, ಸಾರಿಗೆಯ ಸುರಕ್ಷತೆಯ ಬಗ್ಗೆ ಸದುದ್ದೇಶದಿಂದ ಅನುಮಾನ ತಿಳಿಸಿದವರಿಗೆ ಅಮೆರಿಕದ ಸಂಸತ್ತು ಕಾನೂನಿನ ರಕ್ಷಣೆಯನ್ನೂ ಕೊಟ್ಟಿತು.

ಇಮಾಮರಿಗಾದ ಅವಮಾನದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನಾನು ಕೇಳಬೇಕೆಂದಿರುವುದು ಚೀಟಿ ಬರೆದವರ ಬಗ್ಗೆ. 2001ರ ಸೆಪ್ಟೆಂಬರ್ 11ರಂದು ಸಾವಿರಾರು ಜನ ಸತ್ತ ದಾಳಿ ನಡೆದು ಐದೇ ವರ್ಷವಾಗಿದ್ದಾಗ, ‘ಕಂಡದ್ದನ್ನು ತಿಳಿಸಿ’ ಎಂಬ ಫಲಕಗಳು ನಿಲ್ದಾಣಗಳಲ್ಲಿ ತೂಗುತ್ತಿದ್ದಾಗ, ಹೆದರಿದ ಮನುಷ್ಯ ಸುಮ್ಮನಿರಬೇಕಿತ್ತೇ? ಇನ್ನೂ ಮುಂದೆ ಹೋಗಿ ಕೇಳುವುದಾದರೆ, ಭಯೋತ್ಪಾದಕರು ಒಂದು ಧರ್ಮದ ಅಥವಾ ಒಂದು ಪ್ರದೇಶದ ಹೆಸರು ಹೇಳಿಕೊಂಡೇ ದಾಳಿ ಮಾಡುತ್ತಿರುವಾಗ ಪೊಲೀಸರು ಆ ಗುಂಪಿನ ಮೇಲೆ ಹೆಚ್ಚು ಕಣ್ಣಿಡುವುದು ತಪ್ಪೇ, ಅಥವಾ ಅದು ಬರಿಯ ವಿವೇಕವೇ? ಅನುಭವ ಇರುವವರು, ಓದಿಕೊಂಡವರು ಬರೆಯಬೇಕೆಂದು ಕೋರುತ್ತೇನೆ.

ಕಾವಲುಗಾರ:

ನಾನು ಭದ್ರತಾ ತಪಾಸಣೆಯ ಕೆಲಸದಲ್ಲೇ ಬಹುಪಾಲು ಆಯುಷ್ಯ ಕಳೆದು ನಿವೃತ್ತನಾದವನು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಚೀಟಿ ಬರೆದವರದು ತಪ್ಪಿಲ್ಲ. ಅನುಮಾನ ಬಂದವರು ತಿಳಿಸಬೇಕು, ಅದನ್ನು ತೂಗಿ ನೋಡುವುದು ನಮ್ಮಂಥವರ ಕೆಲಸ. ಆ ದಿನ ತೂಗಬೇಕಾದವರು ಸರಿಯಾಗಿ ತೂಗಲಿಲ್ಲವೆಂದರೆ ಅದು ಬೇರೆ ಮಾತು.

ಎರಡನೆಯ ಪ್ರಶ್ನೆಗೆ ಬಂದರೆ, ತಪಾಸಣೆಯ ಸಾಲಿನಲ್ಲಿ ನಿಂತವರಿಗೆ ಗೊತ್ತಿರುವ ಸತ್ಯವೊಂದಿದೆ. ನಮ್ಮ ಬಳಿ ಇರುವುದು ಇಷ್ಟೇ ಜನ, ಇಷ್ಟೇ ಸಮಯ. ಊರುಗೋಲು ಹಿಡಿದ ಅಜ್ಜಿಯನ್ನೂ ಒಂಟಿಯಾಗಿ ಬಂದ ಯುವಕನನ್ನೂ ಒಂದೇ ಪ್ರಮಾಣದಲ್ಲಿ ತಡಕಾಡುವುದನ್ನು ಸಮಾನತೆ ಎನ್ನಬಹುದು, ಆದರೆ ಅದರಿಂದ ರಕ್ಷಣೆ ದೊರೆಯುತ್ತದೆಂದು ನನಗೆ ಅನಿಸುವುದಿಲ್ಲ. ಇಸ್ರೇಲಿನ ಎಲ್ ಆಲ್ ವಿಮಾನ ಸಂಸ್ಥೆಯನ್ನು ನೋಡಿ. ಅವರು ಯಂತ್ರಗಳನ್ನು ಮಾತ್ರ ನಂಬದೆ ಪ್ರಯಾಣಿಕರನ್ನು ಪ್ರಶ್ನಿಸುತ್ತಾರೆ, ವರ್ಗೀಕರಿಸುತ್ತಾರೆ, ಅದನ್ನು ಮುಚ್ಚಿಡುವುದೂ ಇಲ್ಲ. 1986ರ ಏಪ್ರಿಲ್ 17ರಂದು ಲಂಡನ್ನಿನ ಹೀಥ್ರೂನಲ್ಲಿ ಸುಮಾರು ಒಂದೂವರೆ ಕಿಲೋ ಸೆಮ್‌ಟೆಕ್ಸ್ ಸ್ಫೋಟಕ ವಿಮಾನದೊಳಕ್ಕೆ ಹೋಗದಂತೆ ತಡೆದದ್ದು ಅವರ ಆ ಪದ್ಧತಿಯೇ. ನಿಲ್ದಾಣದ ಮಾಮೂಲಿ ತಪಾಸಣೆಯನ್ನು ಆ ಬ್ಯಾಗು ಅಷ್ಟರಲ್ಲಾಗಲೇ ದಾಟಿ ಬಂದಿತ್ತು.

ಚರಿತ್ರೆ ವಿದ್ಯಾರ್ಥಿನಿ:

ಕಾವಲುಗಾರರೇ, ಹೀಥ್ರೂ ಪ್ರಕರಣವನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು. ಆ ಬ್ಯಾಗು ಯಾರ ಕೈಯಲ್ಲಿತ್ತು ಎಂಬುದನ್ನು ಮಾತ್ರ ನೀವು ಹೇಳಲಿಲ್ಲ. ಅದನ್ನು ಹಿಡಿದಿದ್ದವರು ಐರ್ಲೆಂಡಿನ ಒಬ್ಬ ಗರ್ಭಿಣಿ. ಆಕೆಯನ್ನು ಮದುವೆಯಾಗುವುದಾಗಿ ನಂಬಿಸಿದ್ದ ನಿಝಾರ್ ಹಿಂದಾವಿ ಎಂಬ ಜೋರ್ಡಾನ್ ಮೂಲದವನು ಆಕೆಗೇ ತಿಳಿಯದಂತೆ ಬ್ಯಾಗಿನ ತಳದಲ್ಲಿ ಬಾಂಬು ಇಟ್ಟಿದ್ದ. ಚಹರೆಯನ್ನು ಮಾತ್ರ ಜರಡಿ ಹಿಡಿದಿದ್ದರೆ ಆಕೆ ನಗುನಗುತ್ತಾ ವಿಮಾನ ಹತ್ತಿರುತ್ತಿದ್ದರು. ಆಕೆಯನ್ನು ತಡೆದದ್ದು ಪ್ರಶ್ನೆಗಳು: ಯಾಕೆ ಒಬ್ಬರೇ ಹೊರಟಿದ್ದೀರಿ, ಎಲ್ಲಿ ಉಳಿಯುತ್ತೀರಿ, ಬ್ಯಾಗು ಯಾರು ಕೊಟ್ಟರು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ, ಬ್ಯಾಗು ಬಿಚ್ಚಿದರು.

ಅದೇ ಇಸ್ರೇಲಿಗೆ ಹದಿನಾಲ್ಕು ವರ್ಷ ಮೊದಲೇ ಈ ಪಾಠ ಭೀಕರವಾಗಿ ಸಿಕ್ಕಿತ್ತು. 1972ರ ಮೇ 30ರಂದು ಲಾಡ್ ವಿಮಾನ ನಿಲ್ದಾಣದಲ್ಲಿ 26 ಜನರನ್ನು ಕೊಂದವರು ಜಪಾನಿನ ರೆಡ್ ಆರ್ಮಿ ಎಂಬ ಉಗ್ರರ ಗುಂಪಿಗೆ ಸೇರಿದ ಮೂವರು. ಅರಬ್ ಮುಖಗಳನ್ನು ಹುಡುಕುತ್ತಿದ್ದ ಕಣ್ಣುಗಳಿಗೆ ಸೂಟು ತೊಟ್ಟು ಪಿಟೀಲಿನ ಪೆಟ್ಟಿಗೆ ಹಿಡಿದು ಬಂದ ಜಪಾನೀಯರು ಕಾಣಿಸಲೇ ಇಲ್ಲ. 1995ರ ಏಪ್ರಿಲ್ 19ರಂದು ಒಕ್ಲಹೋಮಾ ನಗರದಲ್ಲಿ 168 ಜನ ಸತ್ತಾಗ ಮಾಧ್ಯಮಗಳಲ್ಲಿ ಮೊದಲು ಕೇಳಿಬಂದದ್ದು ‘ಮಧ್ಯಪ್ರಾಚ್ಯದವರು’ ಎಂಬ ಮಾತು. ಅದೇ ನಗರದಿಂದ ಜೋರ್ಡಾನಿಗೆ ಹೊರಟಿದ್ದ ಅಮೆರಿಕದ ಪ್ರಜೆಯೊಬ್ಬರನ್ನು ಲಂಡನ್ನಿನಲ್ಲಿ ತಡೆದು ವಾಪಸು ಕಳಿಸಿದರು. ಆ ಹೊತ್ತಿಗೆ ನಿಜವಾದ ಅಪರಾಧಿ ಟಿಮೊಥಿ ಮೆಕ್‌ವೇ, ಅಮೆರಿಕದ ಸೇನೆಯಲ್ಲೇ ದುಡಿದಿದ್ದ ಬಿಳಿಯ, ಕಾರಿಗೆ ನಂಬರ್ ಪ್ಲೇಟ್ ಇಲ್ಲವೆಂಬ ಕಾರಣಕ್ಕೆ ಹೆದ್ದಾರಿಯಲ್ಲಿ ಸಿಕ್ಕಿಬಿದ್ದಿದ್ದ. ನಂಬರ್ ಪ್ಲೇಟ್ ನೋಡಿದ ಆ ಪೊಲೀಸ್ ಯಾರ ಧರ್ಮವನ್ನೂ ನೋಡಿರಲಿಲ್ಲ.

ಶಂಕೆಗೆ ಚರ್ಮದ ಬಣ್ಣ ಬೇಕೇಬೇಕೆಂದೂ ಇಲ್ಲ. 1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಪಬ್‌ಗಳಲ್ಲಿ ಐರಿಷ್ ಉಗ್ರರು ಇಟ್ಟರೆನ್ನಲಾದ ಬಾಂಬು ಸಿಡಿದು 21 ಜನ ಸತ್ತ ಮೇಲೆ ಬ್ರಿಟನ್ ಕೆಲವೇ ದಿನಗಳಲ್ಲಿ ಭಯೋತ್ಪಾದನೆ ತಡೆ ಕಾಯ್ದೆಯನ್ನು ತಂದಿತು. ಮುಂದಿನ ಎರಡು ದಶಕಗಳಲ್ಲಿ ಅದರಡಿ ಸಾವಿರಾರು ಜನರನ್ನು ಹಿಡಿದಿಟ್ಟರು, ಅವರಲ್ಲಿ ಹೆಚ್ಚಿನವರು ಐರಿಷ್ ಮೂಲದವರು, ಬಹುಪಾಲು ಜನರ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಅಲ್ಲಿ ಮಾತಿನ ಧಾಟಿಯೇ ಚಹರೆಯ ಕೆಲಸ ಮಾಡಿತು. ಬರ್ಮಿಂಗ್‌ಹ್ಯಾಮ್ ಬಾಂಬುಗಳಿಗಾಗಿ ಜೀವಾವಧಿ ಶಿಕ್ಷೆ ಅನುಭವಿಸಿದ ಆರು ಮಂದಿ 1991ರಲ್ಲಿ ನಿರಪರಾಧಿಗಳೆಂದು ಹೊರಬಂದರು. ಅಷ್ಟು ವರ್ಷಗಳ ಕಾಲ ನಿಜವಾಗಿ ಬಾಂಬು ಇಟ್ಟವರನ್ನು ಹುಡುಕುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ ಎಂಬುದನ್ನು ಮರೆಯಬಾರದು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ ಎನ್ನುತ್ತಾರಲ್ಲ, ಬರೆ ಬಿದ್ದದ್ದು ಎತ್ತಿಗೆ, ಆದರೆ ಎಮ್ಮೆಯ ಜ್ವರವೂ ಇಳಿಯಲಿಲ್ಲ.

ಲೆಕ್ಕಿಗ:

ನ್ಯಾಯ ಅನ್ಯಾಯದ ಮಾತನ್ನು ಬಲ್ಲವರಿಗೆ ಬಿಟ್ಟು, ನಾನು ಲೆಕ್ಕವನ್ನಷ್ಟೇ ಮಾಡುತ್ತೇನೆ.

ಹತ್ತು ಲಕ್ಷ ಜನರಿರುವ ಒಂದು ಗುಂಪಿನಲ್ಲಿ ಹತ್ತು ಮಂದಿ ಭಯೋತ್ಪಾದಕರಿದ್ದಾರೆ ಎಂದುಕೊಳ್ಳೋಣ. ನಮ್ಮ ಬಳಿ ನೂರಕ್ಕೆ ತೊಂಬತ್ತೊಂಬತ್ತು ಬಾರಿ ಸರಿಯಾಗಿ ಹೇಳುವ, ಎಲ್ಲೂ ಇಲ್ಲದಷ್ಟು ಒಳ್ಳೆಯ ಪರೀಕ್ಷೆಯೊಂದಿದೆ ಎಂದೂ ಇಟ್ಟುಕೊಳ್ಳೋಣ. ಅದು ಹತ್ತೂ ಅಪರಾಧಿಗಳನ್ನು ಹೆಚ್ಚುಕಡಿಮೆ ಹಿಡಿಯುತ್ತದೆ, ಜೊತೆಗೆ ಸುಮಾರು ಹತ್ತು ಸಾವಿರ ನಿರಪರಾಧಿಗಳನ್ನೂ ಹಿಡಿಯುತ್ತದೆ. ಅಂದರೆ ಪರೀಕ್ಷೆ ‘ಇವನೇ’ ಎಂದು ಬೊಟ್ಟು ಮಾಡಿದ ಪ್ರತಿ ಸಾವಿರ ಜನರಲ್ಲಿ ಸರಿಸುಮಾರು ಒಬ್ಬ ಮಾತ್ರ ನಿಜವಾದ ಅಪರಾಧಿ. ‘ಯುವಕ, ಗಡ್ಡವಿದೆ, ಇಂಥ ದೇಶದವನು’ ಎಂಬ ಗುರುತು ಶೇ 99ರಷ್ಟು ನಿಖರ ಎಂದು ಅದನ್ನು ಬೆಂಬಲಿಸುವವರೂ ಹೇಳಲಾರರು. ಹುಡುಕುತ್ತಿರುವ ವಸ್ತು ಅತ್ಯಂತ ವಿರಳವಾಗಿದ್ದಾಗ ಸ್ಥೂಲವಾದ ಗುರುತು ಕೈಕೊಡುತ್ತದೆ. ಗುಂಪನ್ನು ಕಿರಿದು ಮಾಡಿದರೂ ಈ ಕಷ್ಟ ತಪ್ಪುವುದಿಲ್ಲ, ಏಕೆಂದರೆ ಯಾವ ಗುಂಪಿನಲ್ಲೇ ಆಗಲಿ ಭಯೋತ್ಪಾದಕರ ಪ್ರಮಾಣ ನಗಣ್ಯವಾಗಿರುತ್ತದೆ.

ಇದು ಕಾಗದದ ಮೇಲಿನ ಲೆಕ್ಕ ಎನ್ನುವವರಿಗಾಗಿ ಎರಡು ನಿಜವಾದ ಪ್ರಯೋಗಗಳನ್ನು ನೆನಪಿಸುತ್ತೇನೆ. 2001ರ ದಾಳಿಯ ನಂತರ ಜರ್ಮನಿಯ ಪೊಲೀಸರು ವಿಶ್ವವಿದ್ಯಾಲಯಗಳಿಂದ, ನೋಂದಣಿ ಕಚೇರಿಗಳಿಂದ ಲಕ್ಷಗಟ್ಟಲೆ ಜನರ ವಿವರ ತರಿಸಿಕೊಂಡು, 18ರಿಂದ 40 ವರ್ಷದ ಗಂಡಸು, ವಿದ್ಯಾರ್ಥಿ ಅಥವಾ ಮಾಜಿ ವಿದ್ಯಾರ್ಥಿ, ಮುಸ್ಲಿಂ, ಇಂತಿಂಥ ದೇಶದಲ್ಲಿ ಹುಟ್ಟಿದವನು ಎಂಬ ಜರಡಿಯಲ್ಲಿ ಸೋಸಿದರು. ಸುಮಾರು 32,000 ಹೆಸರುಗಳು ಉಳಿದವು. ಅವುಗಳಲ್ಲಿ ಒಬ್ಬನೇ ಒಬ್ಬ ‘ಸ್ಲೀಪರ್’, ಅಂದರೆ ಸಾಮಾನ್ಯನಂತೆ ಬಾಳುತ್ತಾ ದಾಳಿಗೆ ಕಾದಿರುವ ಭಯೋತ್ಪಾದಕ, ಸಿಗಲಿಲ್ಲ. ನಿರ್ದಿಷ್ಟವಾದ ಅಪಾಯವಿಲ್ಲದೆ ಹೀಗೆ ಜಾಲಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2006ರ ಏಪ್ರಿಲ್ 4ರಂದು ಹೇಳಿತು. ಅಮೆರಿಕದಲ್ಲಿ 2002ರಿಂದ 25 ದೇಶಗಳ ಗಂಡಸರು ಸರ್ಕಾರಿ ಕಚೇರಿಗೆ ತಾವೇ ಬಂದು ಬೆರಳಚ್ಚು, ಫೋಟೋ ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂತು. ಉತ್ತರ ಕೊರಿಯಾ ಒಂದನ್ನು ಬಿಟ್ಟರೆ ಉಳಿದವೆಲ್ಲ ಮುಸ್ಲಿಮರು ಹೆಚ್ಚಿರುವ ದೇಶಗಳು. ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ನೋಂದಾಯಿಸಿಕೊಂಡರು, ಹದಿಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಗಡೀಪಾರಿನ ಪ್ರಕ್ರಿಯೆ ಶುರುವಾಯಿತು. ಅದರಿಂದ ಭಯೋತ್ಪಾದನೆಯ ಅಪರಾಧ ಸಾಬೀತಾದ ಪ್ರಕರಣ ಒಂದೂ ಹೊರಬರಲಿಲ್ಲ. ಸ್ವಲ್ಪ ಯೋಚಿಸಿದರೆ ಇದರಲ್ಲಿ ಆಶ್ಚರ್ಯವೂ ಇಲ್ಲ: ಬಾಂಬು ಇಡಲು ಬಂದವನು ಸಾಲಿನಲ್ಲಿ ನಿಂತು ಬೆರಳಚ್ಚು ಕೊಡುತ್ತಾನೆಯೇ?

ಗಣಿತದ ಇನ್ನೊಂದು ಫಲಿತಾಂಶ ಕಾವಲುಗಾರರಿಗೆ ಸ್ವಾರಸ್ಯವೆನಿಸಬಹುದು. ವಿಲಿಯಂ ಪ್ರೆಸ್ ಎಂಬ ವಿಜ್ಞಾನಿ 2009ರಲ್ಲಿ ತೋರಿಸಿದಂತೆ, ಒಬ್ಬನ ಮೇಲಿನ ಸಂಶಯ ಇತರರಿಗಿಂತ ನೂರು ಪಟ್ಟು ಎಂಬುದು ನಿಜವೇ ಆಗಿದ್ದರೂ ಅವನನ್ನು ನೂರು ಪಟ್ಟು ಹೆಚ್ಚು ತಪಾಸಣೆ ಮಾಡುವುದು ದಂಡ. ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು, ಮಾಡಿದರೆ ಫಲ ಹೆಚ್ಚು. ಹಾಗಲ್ಲದಿದ್ದರೆ ಅವೇ ಅಮಾಯಕರನ್ನು ಮತ್ತೆ ಮತ್ತೆ ತಡಕಾಡುತ್ತಾ ಇಡೀ ಶಕ್ತಿ ಸೋರಿಹೋಗುತ್ತದೆ.

ಕಾವಲುಗಾರ:

ಲೆಕ್ಕಿಗರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅದು ಇಡೀ ಜನಸಂಖ್ಯೆಯನ್ನು ಸೋಸುವವರಿಗೆ ಹೇಳಿದ ಮಾತು. ಸಾಲಿನಲ್ಲಿ ನಿಂತ ಸಿಬ್ಬಂದಿ ನೋಡುವುದು ನಡವಳಿಕೆಯನ್ನು: ಬೆವರು, ಕಣ್ಣು ತಪ್ಪಿಸುವುದು, ಬೇಸಿಗೆಯಲ್ಲಿ ದಪ್ಪ ಕೋಟು. ನಡವಳಿಕೆಗೆ ಜಾತಿಧರ್ಮಗಳಿಲ್ಲ.

ಲೆಕ್ಕಿಗ:

ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ನಡವಳಿಕೆ ಗಮನಿಸುವ ಅಧಿಕಾರಿಗಳಿಗಾಗಿ 2007ರಿಂದ ಸುಮಾರು 90 ಕೋಟಿ ಡಾಲರ್ ಖರ್ಚಾಗಿತ್ತು. ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2013ರ ನವೆಂಬರಿನಲ್ಲಿ ವರದಿ ಕೊಟ್ಟು, ಹಾವಭಾವ ನೋಡಿ ಮೋಸವನ್ನು ಪತ್ತೆಹಚ್ಚುವ ಮನುಷ್ಯನ ಸಾಮರ್ಥ್ಯ ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚೇನೂ ಉತ್ತಮವಲ್ಲ ಎಂಬರ್ಥದ ಮಾತು ಹೇಳಿ, ಹಣ ಕಡಿತಗೊಳಿಸಲು ಸೂಚಿಸಿತು. ಬೆವರು ಎಲ್ಲರಿಗೂ ಬರುತ್ತದೆ, ನಿಜ. ಆದರೆ ಯಾರ ಬೆವರು ಕಣ್ಣಿಗೆ ಬೀಳುತ್ತದೆ ಎಂಬುದನ್ನು ನೋಡುವವನ ಮನಸ್ಸೇ ತೀರ್ಮಾನಿಸುತ್ತದೆ. 2016ರಲ್ಲಿ ಇಟಲಿ ಮೂಲದ ಅರ್ಥಶಾಸ್ತ್ರಜ್ಞರೊಬ್ಬರು ವಿಮಾನದಲ್ಲಿ ಕುಳಿತು ಡಿಫರೆನ್ಷಿಯಲ್ ಸಮೀಕರಣ ಬಿಡಿಸುತ್ತಿದ್ದುದನ್ನು ಪಕ್ಕದವರು ಕಂಡು ಗಾಬರಿಯಾಗಿ, ವಿಮಾನವೇ ತಡವಾಗಿ ಹೊರಟಿತು. ಗಣಿತಕ್ಕೆ ಹೆದರುವವರು ಎಲ್ಲೆಡೆ ಇದ್ದಾರೆಂದು ನಮ್ಮಂಥವರು ನಕ್ಕೆವು. ಆದರೆ ಬರೆಯುತ್ತಿದ್ದವರ ಮೈಬಣ್ಣ, ಗುಂಗುರು ಕೂದಲು ಬೇರೆಯಾಗಿದ್ದರೆ ಸಮೀಕರಣವು ಸಮೀಕರಣವಾಗಿಯೇ ಕಾಣುತ್ತಿತ್ತೋ ಏನೋ.

ವಕೀಲೆ:

ನಗುವಿನಲ್ಲಿ ಮುಗಿಯದ ಪ್ರಕರಣಗಳೂ ಇವೆ. ‘ಬೇಸಿಗೆಯಲ್ಲಿ ದಪ್ಪ ಕೋಟು’ ಎಂದಿರಿ, ಕಾವಲುಗಾರರೇ. 2005ರ ಜುಲೈ 22ರಂದು ಲಂಡನ್ನಿನ ಸ್ಟಾಕ್‌ವೆಲ್ ರೈಲು ನಿಲ್ದಾಣದಲ್ಲಿ ಪೊಲೀಸರು ಗುಂಡಿಟ್ಟು ಕೊಂದ ಝಾನ್ ಚಾರ್ಲ್ಸ್ ಡಿ ಮೆನೆಝಿಸ್ ಬಗ್ಗೆಯೂ ಮೊದಲು ಇದನ್ನೇ ಹೇಳಿದ್ದರು: ದಪ್ಪ ಅಂಗಿ ತೊಟ್ಟಿದ್ದ, ಗೇಟು ಹಾರಿ ಓಡಿದ. ಎರಡೂ ಸುಳ್ಳೆಂದು ಆಮೇಲೆ ತಿಳಿಯಿತು. 27 ವರ್ಷದ ಆ ಬ್ರೆಜಿಲ್ ಎಲೆಕ್ಟ್ರಿಷಿಯನ್ ತೆಳುವಾದ ಡೆನಿಮ್ ಜಾಕೆಟ್ ತೊಟ್ಟು, ಟಿಕೆಟ್ ಕಾರ್ಡು ತೋರಿಸಿ ಒಳಗೆ ಹೋಗಿದ್ದ. ಹಿಂದಿನ ದಿನ ವಿಫಲವಾಗಿದ್ದ ಬಾಂಬು ದಾಳಿಯ ಶಂಕಿತನೊಬ್ಬನ ವಿಳಾಸವಿದ್ದ ಕಟ್ಟಡದಲ್ಲೇ ಅವನ ಮನೆಯೂ ಇತ್ತು ಎಂಬುದಷ್ಟೇ ಅವನ ದೋಷ. ಪೊಲೀಸ್ ಇಲಾಖೆಗೆ 2007ರಲ್ಲಿ ಸಾರ್ವಜನಿಕರ ಸುರಕ್ಷತೆಯ ನಿಯಮ ಉಲ್ಲಂಘಿಸಿದ್ದಕ್ಕಾಗಿ 1,75,000 ಪೌಂಡ್ ದಂಡ ಬಿತ್ತು. ಯಾವ ಅಧಿಕಾರಿಯ ಮೇಲೂ ವೈಯಕ್ತಿಕವಾಗಿ ಮೊಕದ್ದಮೆ ನಡೆಯಲಿಲ್ಲ.

ಅದೇ ದೇಶದ 2000ದ ಭಯೋತ್ಪಾದನಾ ಕಾಯ್ದೆಯ 44ನೆಯ ಕಲಮು, ಯಾವ ಸಂಶಯದ ಕಾರಣವನ್ನೂ ಕೊಡದೆ ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಿ ತಪಾಸಣೆ ಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಏಷ್ಯಾ ಮತ್ತು ಆಫ್ರಿಕಾ ಮೂಲದವರನ್ನು ಅವರ ಜನಸಂಖ್ಯೆಗೆ ಮೀರಿದ ಪ್ರಮಾಣದಲ್ಲಿ ನಿಲ್ಲಿಸಲಾಗುತ್ತಿತ್ತು. 2009–10ರ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಪಾಸಣೆಗಳು ನಡೆದವು, ಭಯೋತ್ಪಾದನೆಯ ಆರೋಪದ ಮೇಲೆ ಒಬ್ಬರನ್ನೂ ಬಂಧಿಸಲಾಗಲಿಲ್ಲ. 2010ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ಅಧಿಕಾರವನ್ನು ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆ ಎಂದಿತು. ನ್ಯಾಯಾಲಯದ ಆಕ್ಷೇಪವಿದ್ದದ್ದು ತಪಾಸಣೆಯ ಮೇಲಲ್ಲ, ಕಾರಣ ಹೇಳಬೇಕಾಗಿಲ್ಲದ ತಪಾಸಣೆಯ ಮೇಲೆ. ಕಾರಣ ಕೇಳುವವರಿಲ್ಲದಾಗ ಅಧಿಕಾರಿಯ ಊಹೆಯೇ ಕಾರಣವಾಗುತ್ತದೆ.

ಕನ್ನಡ ಓದುಗರಿಗೆ ಬೆಂಗಳೂರಿನ ವೈದ್ಯ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣ ನೆನಪಿರಬಹುದು. 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಿದ ಆಸ್ಟ್ರೇಲಿಯಾದ ಪೊಲೀಸರು ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಂಡರು. ಅವರು ಬ್ರಿಟನ್ ಬಿಡುವಾಗ ಸಂಬಂಧಿಗೆ ಕೊಟ್ಟುಬಂದ ಸಿಮ್ ಕಾರ್ಡು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲಿನ ದಾಳಿಯ ವಾಹನದಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ವಾಸ್ತವದಲ್ಲಿ ಅದು ಸಿಕ್ಕಿದ್ದು ದೂರದ ಲಿವರ್‌ಪೂಲಿನಲ್ಲಿ. ಅದೇ ತಿಂಗಳ 27ರಂದು ಆರೋಪ ಕೈಬಿಟ್ಟರು, 2010ರಲ್ಲಿ ಪರಿಹಾರ ಕೊಟ್ಟರು. ವಿಚಾರಿಸುವುದಕ್ಕೆ ಅಲ್ಲಿ ಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಒಂದು ಸಣ್ಣ ಎಳೆಯನ್ನು ಹಿಡಿದು ಮೊದಲೇ ನಂಬಿದ್ದ ಕಥೆಯನ್ನು ಅದಕ್ಕೆ ಪೋಣಿಸಿದ್ದು ಹೇಗೆ ಎಂಬುದನ್ನು ಗಮನಿಸಬೇಕೆನ್ನುತ್ತೇನೆ.

ಗಡ್ಡದವನು:

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಹೆಸರು, ನನ್ನ ಗಡ್ಡ ಎರಡೂ ಈ ಚರ್ಚೆಯ ವಸ್ತುವಾದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ಅಂಕಿಅಂಶಗಳಲ್ಲಿ ಕಾಣದ ಒಂದು ಕೆಲಸವನ್ನು ನಮ್ಮಂಥವರು ದಿನವೂ ಮಾಡುತ್ತೇವೆ: ನಾವು ಅಪಾಯವಿಲ್ಲದವರೆಂದು ಅಪರಿಚಿತರಿಗೆ ಕಾಣುವಂತೆ ನಡೆದುಕೊಳ್ಳುವುದು. ರೈಲಿನಲ್ಲಿ ಫೋನಿನಲ್ಲಿ ತಾಯಿಯೊಡನೆ ಮನೆಮಾತಿನಲ್ಲಿ ಮಾತಾಡುವಾಗ ದನಿ ತಗ್ಗಿಸುತ್ತೇವೆ. ಬ್ಯಾಗನ್ನು ಕಾಲಡಿ ಇಡದೆ ತೊಡೆಯ ಮೇಲಿಟ್ಟುಕೊಳ್ಳುತ್ತೇವೆ. ವಿಮಾನದಲ್ಲಿ ಶೌಚಾಲಯಕ್ಕೆ ಎರಡನೆಯ ಬಾರಿ ಎದ್ದು ಹೋಗಲು ಯೋಚಿಸುತ್ತೇವೆ. ದಾರಿಹೋಕರು ಚೀಟಿ ಬರೆದವರ ಭಯದ ಬಗ್ಗೆ ಕೇಳಿದರು, ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಏಕೆಂದರೆ ಬಾಂಬಿಗೆ ನಾನೂ ಅಷ್ಟೇ ಹೆದರುತ್ತೇನೆ. ನನಗಿರುವ ಹೆಚ್ಚುವರಿ ಭಯ ಪಕ್ಕದವರ ಭಯದ್ದು. 2001ರ ದಾಳಿ ನಡೆದು ನಾಲ್ಕೇ ದಿನಕ್ಕೆ ಅರಿಝೋನಾದ ಮೆಸಾ ಎಂಬಲ್ಲಿ ತಮ್ಮ ಪೆಟ್ರೋಲ್ ಬಂಕಿನ ಮುಂದೆ ಹೂಗಿಡ ನೆಡುತ್ತಿದ್ದ ಸಿಖ್ಖರೊಬ್ಬರನ್ನು ಒಬ್ಬ ಗುಂಡಿಟ್ಟು ಕೊಂದ. ಪೇಟ ನೋಡಿ ಅವರು ಯಾರೆಂದು ಅವನೇ ತೀರ್ಮಾನಿಸಿಬಿಟ್ಟಿದ್ದ.

ಇನ್ನೊಂದು ಸಂಗತಿಯನ್ನು ಯಾರೂ ಹೇಳಲಿಲ್ಲ. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟಿಗೆ ಹೊರಟಿದ್ದ ವಿಮಾನವನ್ನು ಸ್ಫೋಟಿಸಲು ಯತ್ನಿಸಿದ ನೈಜೀರಿಯಾದ ಯುವಕನ ಬಗ್ಗೆ ಒಂದು ತಿಂಗಳ ಮೊದಲೇ ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಎಚ್ಚರಿಸಿದವರು ಅವನ ಸ್ವಂತ ತಂದೆ. ಹೆಸರು ಶಂಕಿತರ ಪಟ್ಟಿಗೆ ಸೇರಿತು, ಆದರೆ ಅವನು ವಿಮಾನ ಹತ್ತುವುದನ್ನು ಯಾರೂ ತಡೆಯಲಿಲ್ಲ. ಮಗನನ್ನು ಪೊಲೀಸರಿಗೆ ಒಪ್ಪಿಸಲು ಎಂಥ ಎದೆ ಬೇಕು ಯೋಚಿಸಿ. ಆ ಕಚೇರಿಗೆ ಹೋದರೆ ತನ್ನನ್ನೇ ಕೂಡಿಹಾಕುತ್ತಾರೆ ಎಂಬ ಅನುಮಾನವಿದ್ದರೆ ಯಾವ ತಂದೆ ಹೋದಾನು? ಸಮುದಾಯವನ್ನೆಲ್ಲ ಶಂಕಿಸುವವರು ಮೊದಲು ಕಳೆದುಕೊಳ್ಳುವುದು ಆ ತಂದೆಯನ್ನು.

ದಾರಿಹೋಕ:

ಗಡ್ಡದವನು ಅವರ ಮಾತನ್ನು ಎರಡು ಸಲ ಓದಿದೆ. ಹಾಗಾದರೆ ನನ್ನಂಥ ಸಾಮಾನ್ಯ ಪ್ರಯಾಣಿಕ ಏನು ಮಾಡಬೇಕೆಂಬುದನ್ನು ಯಾರಾದರೂ ಬಿಡಿಸಿ ಹೇಳಿ. ‘ತಿಳಿಸಬೇಡಿ’ ಎಂದು ನೀವು ಯಾರೂ ಹೇಳುತ್ತಿಲ್ಲ ಎಂದುಕೊಂಡಿದ್ದೇನೆ.

ಕಾವಲುಗಾರ:

ತಿಳಿಸಲೇಬೇಕು. 2010ರ ಮೇ 1ರಂದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ನಿಂತಿದ್ದ ಕಾರಿನಿಂದ ಹೊಗೆ ಬರುತ್ತಿರುವುದನ್ನು ಬೀದಿಬದಿಯ ವ್ಯಾಪಾರಿಗಳು ಕಂಡು ಪೊಲೀಸರಿಗೆ ಹೇಳಿದ್ದರಿಂದಲೇ ಅದರಲ್ಲಿದ್ದ ಬಾಂಬು ಪತ್ತೆಯಾಯಿತು. ಅವರು ಕಂಡದ್ದು ಹೊಗೆಯನ್ನು, ಚಾಲಕ ಯಾರೆಂಬುದು ಅವರಿಗೆ ತಿಳಿದಿರಲೂ ಇಲ್ಲ.

ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಕ್ರಮ ಇದು. ದೂರು ಬಂದಾಗ ಮೊದಲು ಕೇಳು: ಏನು ನಡೆಯಿತು? ಎಲ್ಲಿ, ಯಾವಾಗ? ಬ್ಯಾಗನ್ನು ಬಿಟ್ಟು ಹೋದರೇ, ಬೀಗ ಹಾಕಿದ ಬಾಗಿಲನ್ನು ತೆರೆಯಲು ನೋಡಿದರೇ, ಕ್ಯಾಮೆರಾಗಳಿರುವ ಜಾಗಗಳನ್ನು ಗುರುತು ಹಾಕಿಕೊಂಡರೇ? ಆಮೇಲೆ ಬಟ್ಟೆಯ ಬಣ್ಣ, ಎತ್ತರ, ಹೋದ ದಿಕ್ಕು. ‘ಆತ ಯಾಕೋ ಸರಿಯಿಲ್ಲ’ ಎಂಬುದಕ್ಕಿಂತ ಹೆಚ್ಚಿಗೆ ಹೇಳಲು ದೂರುದಾರರಿಗೆ ಏನೂ ಇಲ್ಲದಿದ್ದರೆ, ಒಬ್ಬರು ಮಾಮೂಲಿ ಬಟ್ಟೆಯಲ್ಲಿ ಹೋಗಿ ಮಾತಾಡಿಸಿ ಬಂದರೆ ಸಾಕು, ಕೈಕೋಳ ಬೇಕಾಗಿಲ್ಲ. ದಾರಿಹೋಕರೇ, ನಿಮಗೊಂದು ಸುಲಭವಾದ ಅಳತೆ ಕೊಡುತ್ತೇನೆ: ಅದೇ ಕೆಲಸವನ್ನು ನಿಮ್ಮಂತೆಯೇ ಕಾಣುವ ಒಬ್ಬರು ಮಾಡಿದ್ದರೂ ಸಹಾಯವಾಣಿಗೆ ಕರೆ ಮಾಡುತ್ತಿದ್ದಿರಾ? ಹೌದಾದರೆ ಕೂಡಲೇ ಮಾಡಿ.

ಆದರೆ ಒಂದು ಮಾತನ್ನು ಬಿಟ್ಟುಕೊಡಲಾರೆ. ಇಂಥ ದೇಶದ, ಇಂಥ ಮೈಬಣ್ಣದ, ಇಷ್ಟು ಎತ್ತರದವನೊಬ್ಬ ಇಂದು ಈ ನಿಲ್ದಾಣಕ್ಕೆ ಬರುತ್ತಾನೆಂದು ಗುಪ್ತಚರರು ತಿಳಿಸಿದ್ದಾಗ, ಬಣ್ಣವನ್ನು ನೋಡಬೇಡ ಎಂದರೆ ನಾನು ಕೇಳುವವನಲ್ಲ.

ವಕೀಲೆ:

ಅದನ್ನು ನೋಡಬೇಡಿ ಎಂದು ಯಾವ ವಿವೇಕಿಯೂ ಹೇಳುವುದಿಲ್ಲ. ಅದು ಒಬ್ಬ ನಿರ್ದಿಷ್ಟ ವ್ಯಕ್ತಿಯ ವರ್ಣನೆ, ನಿರ್ದಿಷ್ಟ ಮಾಹಿತಿಯಿಂದ ಬಂದದ್ದು, ಆತ ಸಿಕ್ಕ ಕೂಡಲೇ ಮುಗಿಯುವಂಥದ್ದು. ಪ್ರೊಫೈಲಿಂಗ್, ಅಂದರೆ ಗುಂಪಿನ ಗುರುತು ನೋಡಿ ಶಂಕಿಸುವುದು, ಮುಗಿಯುವುದೇ ಇಲ್ಲ. 2001ರಲ್ಲಿ ಅಮೆರಿಕದ ಸಾರಿಗೆ ಸಚಿವರಾಗಿದ್ದ ನಾರ್ಮನ್ ಮಿನೆಟಾ ಬಾಲ್ಯದಲ್ಲಿ ಜಪಾನ್ ಮೂಲದವರೆಂಬ ಒಂದೇ ಕಾರಣಕ್ಕೆ ಮನೆಯವರೊಡನೆ ಶಿಬಿರಕ್ಕೆ ಸಾಗಿಸಲ್ಪಟ್ಟವರು. 1942ರಲ್ಲಿ ಹಾಗೆ ಸಾಗಿಸಿದ್ದು ಸುಮಾರು 1,20,000 ಜನರನ್ನು. ದಾಳಿಯ ಬೆನ್ನಲ್ಲೇ, ಜನಾಂಗ ನೋಡಿ ಪ್ರಯಾಣಿಕರನ್ನು ಬೇರೆಯಾಗಿ ನಡೆಸಿಕೊಳ್ಳಬಾರದೆಂದು ವಿಮಾನ ಸಂಸ್ಥೆಗಳಿಗೆ ತಿಳಿಸಿದ್ದು ಅವರ ಇಲಾಖೆಯೇ.

ನನ್ನ ಸಲಹೆ ಇಷ್ಟೇ: ನಿಲ್ಲಿಸಿದ ಪ್ರತಿಯೊಬ್ಬರಿಗೂ ಅಧಿಕಾರಿ ಕಾರಣ ಬರೆದ ಚೀಟಿ ಕೊಡಲಿ, ಒಂದು ಪ್ರತಿ ಕಚೇರಿಯಲ್ಲಿ ಉಳಿಯಲಿ. ಅಮೆರಿಕದ ಕಸ್ಟಮ್ಸ್ ಇಲಾಖೆ 1990ರ ದಶಕದ ಕೊನೆಯಲ್ಲಿ ತಪಾಸಣೆಯ ಮಾನದಂಡಗಳಿಂದ ಜನಾಂಗವನ್ನು ತೆಗೆದು, ಮೇಲಧಿಕಾರಿಯ ಒಪ್ಪಿಗೆಯನ್ನು ಬಿಗಿಗೊಳಿಸಿದಾಗ ತಪಾಸಣೆಗಳ ಸಂಖ್ಯೆ ಬಹಳಷ್ಟು ಇಳಿಯಿತು, ಕಳ್ಳಸಾಗಣೆ ಸಿಕ್ಕುವ ಪ್ರಮಾಣ ಏರಿತು.

ಕಾವಲುಗಾರ:

ಕಸ್ಟಮ್ಸ್‌ನವರದು ನನಗೂ ಗೊತ್ತು, ಅದು ಒಳ್ಳೆಯ ಕೆಲಸ. ಆದರೆ ಬಾಂಬಿನ ಬೆದರಿಕೆ ಬಂದ ರಾತ್ರಿ, ಎದುರಿಗೆ ಸಾವಿರ ಜನರ ಸಾಲಿರುವಾಗ, ಒಬ್ಬೊಬ್ಬರಿಗೂ ಚೀಟಿ ಬರೆಯಲು ಕೂತರೆ ಸಿಬ್ಬಂದಿ ತಪಾಸಣೆಯನ್ನೇ ಬಿಡುತ್ತಾರೆ. ಅಂಥ ರಾತ್ರಿಗಳಿಗೆ ವಿನಾಯಿತಿ ಇರಬೇಕು. ಇನ್ನೊಂದು ಪ್ರಶ್ನೆ: ಆ ಚೀಟಿಯಲ್ಲಿ ನಿಲ್ಲಿಸಿದವರ ಜನಾಂಗವನ್ನೂ ಬರೆಯಬೇಕೇ?

ವಕೀಲೆ:

ಬರೆಯದಿದ್ದರೆ ಪಕ್ಷಪಾತ ನಡೆಯುತ್ತಿದೆಯೇ ಎಂದು ಎಣಿಸುವುದು ಹೇಗೆ? ಬ್ರಿಟನ್ನಿನ 44ನೆಯ ಕಲಮಿನ ಬಂಡವಾಳ ಬಯಲಾದದ್ದೇ ಅಂಥ ಲೆಕ್ಕದಿಂದ. ವಿನಾಯಿತಿಯನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಗಂಟೆಗಳ ಮಿತಿ ಇರಬೇಕು. 44ನೆಯ ಕಲಮಿನ ಅನುಮತಿಗೆ ಕಾನೂನಿನಲ್ಲಿ 28 ದಿನಗಳ ಮಿತಿಯಿದ್ದರೂ ಲಂಡನ್ನಿನಲ್ಲಿ ಅದನ್ನು ನವೀಕರಿಸುತ್ತಾ ವರ್ಷಗಟ್ಟಲೆ ಎಳೆದರು.

ಗಡ್ಡದವನು:

ಲೆಕ್ಕ ಬೇಕೆಂಬುದು ತಲೆಗೆ ಅರ್ಥವಾಗುತ್ತದೆ. ಆದರೂ ನನ್ನ ಜನಾಂಗ ಬರೆದ ಇನ್ನೊಂದು ಕಾಗದ ಪೊಲೀಸ್ ಕಚೇರಿಯಲ್ಲಿ ಉಳಿಯುವುದನ್ನು ಒಪ್ಪಿಕೊಳ್ಳಲು ನನಗೆ ಕಷ್ಟ. ಲೆಕ್ಕಿಗರು ಹೇಳಿದ ಎಂಬತ್ತು ಸಾವಿರ ಜನರೂ ನಿಯಮ ಪಾಲಿಸಲೆಂದೇ ಹೋಗಿ ತಮ್ಮ ವಿವರ ಬರೆಸಿದವರು. ಅದರಲ್ಲಿ ಹೆಸರು ಇರಬಾರದು, ಜನಾಂಗದ ಕಾಲಂ ಮಾತ್ರ ಇರಲಿ, ಅದನ್ನು ಪೊಲೀಸರಲ್ಲದ ಬೇರೊಂದು ಸಂಸ್ಥೆ ಇಟ್ಟುಕೊಳ್ಳಲಿ ಎಂದರೆ ಸಹಿ ಹಾಕುತ್ತೇನೆ. ವಕೀಲರೇ, ಹಾಗೆ ಮಾಡಲು ಸಾಧ್ಯವೇ?